ಅತ್ತೆಯ ಕಾರ್ ರೇಸ್ ಅಳಿಸಿದ ಪುಣ್ಯಾತ್ಮ

“ಅಕ್ಕಾರ, ಲಿನಕ್ಸ್‌ನಾಗ ಗೇಮ್ ನಡ್ಯಂಗಿಲ್ರಿ. ಅದನ್ನ ತಗದ ವಿಂಡೋಸ್ ಹಾಕೇನ್ರಿ!”

ಬನಹಟ್ಟಿಯ ಕಂಪ್ಯೂಟರ್ ರಿಪೇರಿಯವನು ದೊಡ್ಡ ಉಪಕಾರ ಮಾಡಿದವನಂತೆ ನಕ್ಕಾಗ ನನಗೆ ಮೈಯೆಲ್ಲ ಉರಿಯಿತು. ನಾನು ಕಂಪ್ಯೂಟರ್ ಕೊಟ್ಟದ್ದು ಒಳಗಿನ ಫ್ಯಾನ್ ಸದ್ದು ಮಾಡುತ್ತದೆಂದು. ನಮ್ಮದು ಮಗ್ಗದ ಮನೆ, ಹತ್ತಿಯ ಧೂಳು ಎಲ್ಲೆಡೆ ಸೇರಿಕೊಳ್ಳುತ್ತದೆ. ಅದನ್ನು ತೆಗೆಯಪ್ಪ ಎಂದರೆ, ಒಂದು ಮಾತೂ ಕೇಳದೆ ಇದ್ದದ್ದನ್ನೆಲ್ಲ ಅಳಿಸಿಬಿಟ್ಟಿದ್ದ!

ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ, ಆದರೆ ಪುಕ್ಕಟೆ ಸಿಗುವ ಲಿನಕ್ಸ್‌ನಲ್ಲಿ ಆಟಗಳೇ ಇಲ್ಲವೆನ್ನುವ ಕಾಲ ಎಂದೋ ಹೋಯಿತು. ಈಗ ದೊಡ್ಡ ದೊಡ್ಡ ಕಂಪನಿಗಳ ಆಟಗಳೂ ಅದಕ್ಕೆ ಬರುತ್ತಿವೆ. ರಿಪೇರಿ ಮಾಡುವವನಿಗೇ ಇದು ಗೊತ್ತಿಲ್ಲ. ಅಮಾವಾಸ್ಯೆಗೆ ಮಗ್ಗ ನಿಂತಾಗಲೆಲ್ಲ ನನ್ನ ಅತ್ತೆ ಅದರಲ್ಲೇ ಕಾರ್ ರೇಸ್ ಆಡಿ ಕೊನೆಯ ಹಂತದವರೆಗೆ ಹೋಗಿದ್ದರು. ನನ್ನ ಜೊತೆ ಬಂದಿದ್ದ ಅವರು ಅವನನ್ನೇ ದುರುಗುಟ್ಟಿ ನೋಡಿದರು.

“ಹಂಗಾರ ಇಷ್ಟ ದಿನಾ ನಾ ಆಡಿದ್ದ ಏನೋ ತಮ್ಮಾ?”

ಅವನು, ಅಜ್ಜಿಯೊಬ್ಬರು ಗೇಮ್ ಆಡುತ್ತಾರೆಂದು ಮತ್ತೆ ನಕ್ಕ.

ಮನೆಗೆ ಬಂದು ಲಿನಕ್ಸ್ ಅನ್ನು ನಾನೇ ಮತ್ತೆ ಹಾಕಿಕೊಂಡೆ. ಅತ್ತೆ ಮೊದಲ ಹಂತದಿಂದ ಶುರುಮಾಡಿದರು. ಅಷ್ಟರಲ್ಲಿ ಫ್ಯಾನ್ ಗರಗರ ಎಂದಿತು. ಮುಚ್ಚಳ ಬಿಚ್ಚಿ ನೋಡಿದರೆ ಹತ್ತಿಯ ಧೂಳು ಇದ್ದಂತೆಯೇ ಇತ್ತು.