ಒರಳುಕಲ್ಲು ಹೂಳಿದ ದಿನ

ನಮ್ಮ ಯಜಮಾನರು ಸಾಸ್ವೆಹಳ್ಳಿಯಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ಮಕ್ಕಳಿಗೆ ಮಗ್ಗಿ ಕಲಿಸುವವನಿಗೆ ಮನೆ ಕಟ್ಟುವುದೇನು ಮಹಾ ಎಂದುಕೊಂಡು, ಯುದ್ಧದ ಆ ವರ್ಷಗಳಲ್ಲಿ ರಜೆಗೊಂದಿಷ್ಟು, ಭಾನುವಾರಕ್ಕೊಂದಿಷ್ಟು ಎಂದು ತಾವೇ ಮಣ್ಣು ತುಳಿದು ಎರಡು ಅಂಕಣದ ಮನೆ ಎಬ್ಬಿಸಿದರು. ಗೋಡೆ ನಿಂತಿತು, ನಾಡಹೆಂಚು ಕೂತಿತು. ಊರಿನವರು ಬಂದು ತಲೆದೂಗಿ ಹೋದರು. ಫಜೀತಿ ಶುರುವಾದದ್ದು ಒಳಗಿನ ಕೆಲಸಕ್ಕೆ ಕೈ ಹಾಕಿದಾಗ.

ದೀಪದ ಗೂಡನ್ನು ಎಷ್ಟು ಅಂದವಾಗಿ ಕೊರೆದಿದ್ದರೆಂದರೆ, ದೀಪವೊಂದು ಬಿಟ್ಟು ಮಿಕ್ಕೆಲ್ಲ ಅದರೊಳಗೆ ಹಿಡಿಸುತ್ತಿತ್ತು. ಪಾತ್ರೆಯ ಹಲಗೆ ಒಂದು ಕಡೆ ವಾಲಿ, ಇಟ್ಟ ಚೊಂಬು ತಾನಾಗಿಯೇ ಬಾಗಿಲ ಕಡೆ ಹೊರಡುತ್ತಿತ್ತು. ನಾನು ನಕ್ಕರೆ, "ನೆಲ ನೋಡು, ಆಮೇಲೆ ನಗು" ಎನ್ನುತ್ತಿದ್ದರು. ನೆಲದ ಮಾತು ಮಾತ್ರ ನಿಜ. ಕೆಮ್ಮಣ್ಣು ಬಡಿದು, ಸಗಣಿ ಸಾರಿಸಿ, ಹೊಳೆಯಿಂದ ತಂದ ನುಣುಪುಗಲ್ಲಿನಲ್ಲಿ ಐದು ದಿನ ಮಂಡಿಯೂರಿ ಉಜ್ಜಿದ್ದರು. ಅದರ ಮೇಲೆ ಬರಿಗಾಲಿಟ್ಟರೆ ತೆಗೆಯಲು ಮನಸ್ಸಾಗುತ್ತಿರಲಿಲ್ಲ.

ಉಳಿದದ್ದು ಒರಳುಕಲ್ಲು. ಅಡಿಗೆಮನೆಯ ನೆಲದಲ್ಲಿ ಅದನ್ನೊಮ್ಮೆ ಹೂಳಿದರೆ ಮುಗಿಯಿತು, ಜೀವಮಾನವಿಡೀ ಅಲ್ಲೇ ಕೂತು ಅರೆಯಬೇಕು. ನಾನು ಹೆದರಿದ್ದು ಅದಕ್ಕೇ. ಏಕೆಂದರೆ ನಾನು ಎಡಚಿ, ಆ ಸಂಗತಿ ಗಂಡನ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ನನ್ನ ತವರು ಜಗಳೂರು. ಅಲ್ಲಿ ರೊಟ್ಟಿ ಬಡಿಯುವಾಗ ಎರಡೂ ಕೈ ಆಡುತ್ತವೆ, ಯಾವ ಕೈ ಎಂದು ಕೇಳುವವರಿಲ್ಲ. ಮದುವೆ ಗೊತ್ತಾದಾಗ ಅವ್ವ ಮೂಲೆಗೆ ಕರೆದು, "ಕೊಟ್ಟ ಮನೆಯಾಗೆ ಬಡಿಸಾಕೆ, ಅರೆಯಾಕೆ ಎಡಗೈ ಎತ್ತಬ್ಯಾಡ. ಎತ್ತಿದ್ರೆ ಜನ ಆಡಿಕೊಳ್ಳೋದು ನನ್ನನ್ನ" ಎಂದಿದ್ದಳು. ನ್ಯಾಮತಿಯ ಅತ್ತೆ ಮನೆಯಲ್ಲಿ ಎರಡು ವರ್ಷ ಬಲಗೈಯಲ್ಲೇ ಒರಳಿನ ಗುಂಡು ತಿರುಗಿಸಿದೆ. ಭುಜ ಸೇದಿಹೋಗಿ ತಲೆ ಬಾಚಲೂ ಕೈ ಏಳುತ್ತಿರಲಿಲ್ಲ. ಮೇಲೆ ಸೋಮಾರಿ ಸೊಸೆ ಎಂಬ ಹೆಸರು. ಯಜಮಾನರಿಗಾದರೂ ಹೇಳೋಣವೆಂದರೆ, ಶಾಲೆಯಲ್ಲಿ ಎಡಗೈಯಲ್ಲಿ ಬಳಪ ಹಿಡಿದ ಮಕ್ಕಳ ಗೆಣ್ಣಿಗೆ ಕುಟ್ಟುವವರೇ ಅವರು.

ಒರಳು ಹೂಳುವ ದಿನ ಅತ್ತೆ ನ್ಯಾಮತಿಯಿಂದ ಗಾಡಿಯಲ್ಲಿ ಬಂದರು. ಪೂರ್ವಕ್ಕೆ ಮುಖ ಮಾಡಿಯೇ ಅರೆಯಬೇಕೆಂಬುದು ಅವರ ಕಟ್ಟುಪಾಡು. ಅಡಿಗೆಮನೆ ಇಕ್ಕಟ್ಟು, ಒರಳು ಒಂದು ಗೋಡೆಗೆ ಒತ್ತಿಕೊಂಡೇ ಇರಬೇಕು. ಯಜಮಾನರು ಗುಂಡಿ ತೋಡಿದ ಕಡೆ ಪೂರ್ವಕ್ಕೆ ತಿರುಗಿ ಕೂತರೆ ಗೋಡೆ ಎಡಕ್ಕೆ ಬರುತ್ತಿತ್ತು. ಬಲಗೈಯವರಿಗೆ ಸುಖವಾದ ಜಾಗ, ನನಗೆ ಸೆರೆಮನೆ. ಮಣ್ಣು ತುಂಬುವ ಮೊದಲು ಮನೆಯ ಹೆಂಗಸನ್ನು ಕೂರಿಸಿ ಒಂದು ಹಿಡಿ ನೆನೆಸಿದ ಅರಿಸಿನ ಅರೆಸುವುದು ಅವರ ಮನೆತನದ ಪದ್ಧತಿ. ಅವಳ ಕೈ ಆಡುವುದನ್ನು ನೋಡಿಕೊಂಡು ಕಲ್ಲನ್ನು ಅತ್ತಿತ್ತ ಸರಿಸಿ ಭದ್ರ ಮಾಡುತ್ತಾರೆ.

ಕೂತೆ. ಬಲಗೈಯಲ್ಲಿ ಗುಂಡು ಹಿಡಿದು ಒಂದು ಸುತ್ತು, ಎರಡು ಸುತ್ತು. ಅರಿಸಿನ ಇದ್ದ ಹಾಗೇ ಇತ್ತು.

"ಹಿಂಗೆ ಅರೆದ್ರೆ ಇವತ್ತಿನ ಸಾರು ನಾಳೆಗೆ ಆಗತೈತೆ" ಎಂದು ಅತ್ತೆ ಮಗನಿಗೆ ಹೇಳಿದರು. "ಒರಳು ಎಲ್ಲಿಟ್ರೂ ಅಷ್ಟೇ ಬಿಡಪ್ಪ. ಮೈಗಳ್ಳಿಗೆ ಎಲ್ಲಾ ಜಾಗನೂ ಒಂದೇ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವ್ವನ ಮಾತು, ಎರಡು ವರ್ಷದ ಎಚ್ಚರ, ಎಲ್ಲ ಮರೆತುಹೋಯಿತು. ಪೂರ್ವವೂ ಬೇಡ ಪಶ್ಚಿಮವೂ ಬೇಡ ಎಂದು ಓರೆಯಾಗಿ ತಿರುಗಿ ಕೂತು, ಗುಂಡನ್ನು ಎಡಗೈಗೆ ತೆಗೆದುಕೊಂಡೆ. ನೋಡನೋಡುತ್ತ ಅರಿಸಿನ ಬೆಣ್ಣೆಯಾಯಿತು.

"ನಾನು ಎಡಚಿ, ಅತ್ತೆ. ಮೈಗಳ್ಳಿ ಅಲ್ಲ" ಎಂದೆ.

ಮೊಣಕೈವರೆಗೆ ಕೆಸರಾಗಿದ್ದ ಯಜಮಾನರು, "ಇದನ್ನ ಗುಂಡಿ ತೋಡಿದ ಮೇಲೆ ಹೇಳ್ತೀಯಾ?" ಎಂದರು. ಅವರ ಸಂಕಟವೆಲ್ಲ ನೆಲದ್ದು. ಅತ್ತೆ ಮಾತ್ರ ಚಿಟಿಕೆ ಅರಿಸಿನವನ್ನು ಬೆರಳಲ್ಲಿ ತಿಕ್ಕಿ ನೋಡುತ್ತಾ ನಿಂತರು.

"ಎರಡು ವರ್ಷ ನನ್ನ ಮನೆಯಾಗೆ ಬಲಗೈಲಿ ತಿರುವಿದ್ಯಾ?"

"ಹೂಂ ರೀ."

"ನಾನು ಅಷ್ಟು ಬೈದ್ರೂ ಯಾಕೆ ಬಾಯಿ ಬಿಡಲಿಲ್ಲ?"

"ತವರಿಗೆ ಕಳಿಸಿಬಿಡ್ತೀರಿ ಅಂತ ಅಂಜಿಕೆ ಇತ್ರಿ."

ಅತ್ತೆ ಮಗನ ಕಡೆ ತಿರುಗಿದರು. "ಕಲ್ಲು ಎತ್ತಪ್ಪ. ಆ ಕಡೆ ಗೋಡೆಗೆ ಹಾಕು."

"ನೆಲ ಒಡೀಬೇಕಾಗತೈತಲ್ಲವ್ವ."

"ಒಡಿ. ಅರೆಯಾಕೆ ನೆಲ ಕೂರಲ್ಲ, ಇವಳು ಕೂರ್ತಾಳೆ."

ಐದು ದಿನ ಉಜ್ಜಿದ ನೆಲಕ್ಕೆ ಪಾಪ, ಅವರೇ ಹಾರೆ ಹಾಕಿದರು. ಪ್ರತಿ ಏಟಿಗೂ ನನ್ನ ಕಡೆ ಒಮ್ಮೆ ನೋಡುತ್ತಿದ್ದರು, ನಾನು ಸೂರಿನ ಕಡೆ ನೋಡುತ್ತಿದ್ದೆ. ಮತ್ತೆ ಕೂರಿಸಿ, ಮತ್ತೆ ಅರಿಸಿನ ಅರೆಸಿ, ಈ ಸಲ ನನ್ನ ಎಡಗೈ ನೋಡಿಕೊಂಡು ಮಣ್ಣು ತುಂಬಿದರು. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಹಳೆಯ ಗುಂಡಿ ಮುಚ್ಚಿದ ತೇಪೆ ಮಾತ್ರ ಏನು ಸಾರಿಸಿದರೂ ಬೇರೆ ಬಣ್ಣದಲ್ಲೇ ಉಳಿಯಿತು.

ಆಮೇಲೆ ಅತ್ತೆ ನಮ್ಮಲ್ಲಿಗೆ ಬಂದಾಗಲೆಲ್ಲ ಅರೆಯುವ ಕೆಲಸ ತಮ್ಮದೆಂದು ಹಟ ಹಿಡಿಯುತ್ತಿದ್ದರು. ಅವರದು ಬಲಗೈ, ಗೋಡೆ ಈಗ ಬಲಕ್ಕೆ. ಸುತ್ತಿಗೊಮ್ಮೆ ಮೊಣಕೈ ಗೋಡೆಗೆ ಬಡಿಯುತ್ತಿತ್ತು. ಒಂದು ದಿನ ನೋಡಲಾರದೆ, "ಬಿಡ್ರಿ ಅತ್ತೆ, ನಾನು ಅರೀತೀನಿ. ಇಲ್ಲಾಂದ್ರೆ ತಿರುಗಿಯಾದ್ರೂ ಕೂತ್ಕೊಳ್ರಿ" ಎಂದೆ.

ಅವರು ಗುಂಡು ನಿಲ್ಲಿಸಲಿಲ್ಲ. "ಎರಡು ವರ್ಷ ನೀನು ಮಾಡಿದ್ದು, ಎರಡು ದಿನ ನಾನು ಮಾಡಾಕೆ ಆಗಲ್ವಾ?"

ನನಗೆ ಅಳು ಬಂತು. ಪಕ್ಕದಲ್ಲಿ ಕೂತು, ಒರಳಿಗೆ ಕಾಯಿತುರಿ ತಳ್ಳುತ್ತಾ ಹೋದೆ, ಎಡಗೈಯಲ್ಲೇ.