ಒಡೆದ ಬಳೆ

ಬಳೆ ಒಡೆದದ್ದೇ ತಡ, ಆಕೆ ಕೈ ಕಿತ್ತುಕೊಂಡು ಚೀರಿದಳು: "ಕೂಸು ಯಾಕ ಅಳವಲ್ದು? ನನ್ನ ಕೂಸು ಎಲ್ಲೈತಿ?"

ಕೂಸು ಅಲ್ಲೇ ಅಜ್ಜಿಯ ತೊಡೆಯ ಮೇಲೆ ಕೂತು ಹೋಳಿಗೆಯ ಚೂರು ಚೀಪುತ್ತಿತ್ತು.

ನಾನು ಮನೆಮನೆಗೆ ಹೋಗಿ ಬಳೆ ತೊಡಿಸುವವಳು. ಇಳಕಲ್ಲಿನ ಆ ಮನೆಯಲ್ಲಿ ಅಂದು ಆಕೆಯ ತಂಗಿಯ ಕುಬಸ. ಬಸುರಿಗೆ ಹಸಿರು ಬಳೆ ತೊಡಿಸಿ, ಆಮೇಲೆ ಅಕ್ಕನ ಕೈ ಹಿಡಿದಿದ್ದೆ. ಬಳೆ ಬಿಗಿಯಾಗಿತ್ತು. ಎಂದಿನಂತೆ ಗೆಣ್ಣು ಒತ್ತಿ ಏರಿಸುವಾಗ ಒಡೆಯಿತು, ಅಷ್ಟೇ.

ಹಾಡುತ್ತಿದ್ದ ಹೆಂಗಸರು ಎದ್ದು ಬಂದರು. ಆಕೆ ಗೋಡೆಗೆ ಒತ್ತಿಕೊಂಡು, ಎರಡೂ ಕೈಯಿಂದ ಹೊಟ್ಟೆ ಅವುಚಿ ನಡುಗುತ್ತಿದ್ದಳು. ಕೂಸನ್ನು ತಂದು ಮಡಿಲಿಗಿಟ್ಟರೂ ಅದರ ಕಡೆ ನೋಡಲಿಲ್ಲ. ನನ್ನ ಕೈಗಳನ್ನೇ ನೋಡುತ್ತಿದ್ದಳು. ನಾನು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ.

ಆಕೆಯ ತಾಯಿ ನನ್ನನ್ನು ಪಡಸಾಲೆಗೆ ಕರೆದೊಯ್ದು ಹೇಳಿದರು: "ನಿಂದೇನ ತಪ್ಪಿಲ್ಲ ತಂಗೀ. ಹ್ವಾದ ವರ್ಷ ಹೆರಿಗ್ಯಾಗ ಇಕಿ ಜೀವಕ್ಕ ಬಂದಿತ್ತು. ಆಪರೇಶನ್ನಿಗೆ ಒಯ್ಯುಮುಂದ ಗಡಿಬಿಡಿಯಾಗ ಕೈಯಾನ ಬಳಿ ಒಡದು ತಗದ್ರು. ಹುಟ್ಟಿದ ಕೂಸು ಭಾಳ ಹೊತ್ತು ಅಳಲೇ ಇಲ್ಲ. ಮೈ ಗುಣ ಆತು, ಆ ಹೆದರಿಕಿ ಮಾತ್ರ ಇನ್ನೂ ಹೋಗವಲ್ದು. ಬಾಗಲಕೋಟಿ ಡಾಕ್ಟರಿಗೆ ತೋರಸಾಕ ಹತ್ತೇವಿ."

ಬರುವ ವಾರ ನನ್ನ ಮಗಳದೇ ಕುಬಸ. ಅವಳಿಗೆಂದು ಹಸಿರು ಬಳೆ ಆರಿಸಿ ಇಟ್ಟಿದ್ದೇನೆ. ತೆಗೆಯುವ ಹೊತ್ತು ಬಂದರೆ ಒಡೆಯದೆ ಜಾರಿ ಬರಲೆಂದು, ಒಂದು ಅಳತೆ ದೊಡ್ಡವು.