ಕಿತ್ತಳೆ ಅಂಗಿಯವಳೂ ನನ್ನ ಸೆರಗೂ

ನನಗೆ ಮ್ಯಾನೇಜರ್ ಆಗು ಅಂದವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ವಿಜಯಪುರದ ಮಹಿಳಾ ಫುಟ್‌ಬಾಲ್ ತಂಡಕ್ಕೆ ಆಟಗಾರ್ತಿಯರು ಬೇಕಾಗಿದ್ದಾರೆ ಎಂದು ಕೇಳಿ ತಿಕೋಟಾದಿಂದ ಬಸ್ಸು ಹತ್ತಿ ಹೋಗಿದ್ದೆ. ತಂಡದ ಕೋಚ್ ನನಗಿಂತ ಚಿಕ್ಕವರು. ವಯಸ್ಸು ಕೇಳಿದರು, ಮೂವತ್ತನಾಲ್ಕು ಅಂದೆ. ಮಕ್ಕಳೆಷ್ಟು ಅಂದರು, ಎರಡು ಅಂದೆ. ಆಮೇಲೆ ಬಹಳ ಮರ್ಯಾದೆಯಿಂದಲೇ ಹೇಳಿದರು:

"ಅಕ್ಕಾರ, ನೀವು ಮ್ಯಾನೇಜರ್ ಆಗ್ರಿ. ಈ ಹುಡುಗ್ಯಾರ್ನ ಸಂಭಾಳಿಸಾಕ ನಿಮ್ಮಂಥಾ ಹಿರ್ಯಾರ ಒಬ್ರು ಬೇಕಾಗ್ಯಾರ."

ಅಂದರೆ ನೀರಿನ ಬಾಟಲಿ ತುಂಬಬೇಕು, ಲಿಂಬೆಹಣ್ಣು ಹೆಚ್ಚಬೇಕು, ಹುಡುಗಿಯರ ಚಪ್ಪಲಿ ಕಾಯಬೇಕು. ನೀರು ತುಂಬಿ, ಹೆಚ್ಚಿ, ಬೇಯಿಸಿಯೇ ನಾನು ಮನೆಯಿಂದ ಹೊರಟಿದ್ದೆ. ಅದನ್ನೇ ಮತ್ತೆ ಮಾಡಲು ಬಸ್ ಹತ್ತಿ ಬರಬೇಕಿತ್ತೇ?

"ನಾ ಸ್ಟ್ರೈಕರ್ ಅದೀನ್ರಿ," ಅಂದೆ.

"ಅದೆಲ್ಲಾ ಕಾಲೇಜಿನ್ಯಾಗ ಆತ್ರೀ ಅಕ್ಕಾರ."

ನಗು ಬಂತು, ಕಣ್ಣಲ್ಲಿ ನೀರೂ ಬಂತು. ಎರಡನ್ನೂ ನುಂಗಿಕೊಂಡು, ನಾಳೆಯಿಂದ ಪ್ರ್ಯಾಕ್ಟೀಸಿಗೆ ಬರುತ್ತೇನೆ, ಬೇಡವಾದರೆ ಗೇಟಿನಲ್ಲಿ ತಡೆಯಿರಿ ಎಂದು ಹೇಳಿ ಬಂದೆ.

ಇಷ್ಟು ಧೈರ್ಯ ನನಗೆ ಎಲ್ಲಿಂದ ಬಂತು ಅಂದರೆ ಹಾಲೆಂಡಿನಿಂದ. ಅಲ್ಲಿ ನನ್ನ ಓರಗೆಯವಳೊಬ್ಬಳು ಸ್ಟ್ರೈಕರ್ ಇದ್ದಾಳೆ. ಅವಳ ಹೆಸರು ನಮ್ಮ ಮನೆಯಲ್ಲಿ ಯಾರ ನಾಲಗೆಗೂ ಹೊರಳುವುದಿಲ್ಲ, ಹಾಗಾಗಿ ಅತ್ತೆ ಅವಳನ್ನು "ಕಿತ್ತಳಿ ಅಂಗಿಯಾಕಿ" ಎನ್ನುತ್ತಾರೆ. ಅವಳ ದೇಶದ ತಂಡದ ಅಂಗಿಯ ಬಣ್ಣ ಅದು. ನಾನು ಅವಳನ್ನು ಮೊದಲು ನೋಡಿದ್ದು ವಿಜಯಪುರದಲ್ಲಿ ಕಾಲೇಜು ಓದುವಾಗ, ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ, ಒಂದು ವಿಡಿಯೊದಲ್ಲಿ. ಆಗ ನಾನು ಸಾರವಾಡದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ, ಕಾಲೇಜು ತಂಡದಲ್ಲಿ ಆಡುತ್ತಿದ್ದೆ, ಮತ್ತು ಒಂದು ಗೋಲು ತಪ್ಪಿದರೆ ಮೂರು ದಿನ ಯಾರಿಗೂ ಮುಖ ತೋರಿಸುತ್ತಿರಲಿಲ್ಲ.

ಆ ವಿಡಿಯೊದಲ್ಲಿ ಅವಳು ಖಾಲಿ ಗೋಲಿನ ಮುಂದೆ ನಿಂತು ಚೆಂಡನ್ನು ಕಂಬದ ಹೊರಗೆ ಒದ್ದಳು. ನಮ್ಮ ಮನೆಯ ಎಮ್ಮೆಯೂ ಹೊಡೆಯಬಹುದಾದ ಗೋಲು. ಇನ್ನು ಇವಳು ತಲೆ ತಗ್ಗಿಸುತ್ತಾಳೆ, ಹುಲ್ಲು ಕೀಳುತ್ತಾಳೆ, ಅಳುತ್ತಾಳೆ ಎಂದು ಕಾಯ್ದೆ. ಏನೂ ಇಲ್ಲ. ಹಿಂದೆ ಓಡಿ ಹೋಗಿ, ಬಲಗೈ ನೇರ ಮೇಲೆತ್ತಿ, ಮತ್ತೆ ಚೆಂಡು ಕೊಡಿ ಎಂದು ಕೇಳಿದಳು. ಅವಳ ನಾಚಿಕೆಗೆಟ್ಟತನ ನೋಡಿ ನನಗೆ ಬೆರಗಾಯಿತು. ಅಂದಿನಿಂದ ಅವಳ ಬೆನ್ನು ಬಿಟ್ಟಿಲ್ಲ.

ಅವಳು ಮೊದಲು ಆಡಿದ್ದು ತನ್ನ ಊರಿನ ಸಣ್ಣ ಕ್ಲಬ್ಬಿಗೆ, ಹುಡುಗರ ಜೊತೆ. ಅಲ್ಲಿಂದ ದೊಡ್ಡ ಕ್ಲಬ್ಬು, ಆಮೇಲೆ ಜರ್ಮನಿ. ಅವಳು ಜರ್ಮನಿಗೆ ಹೋದ ವರ್ಷವೇ ನನ್ನ ಮದುವೆಯಾಗಿ ನಾನು ತಿಕೋಟಾಕ್ಕೆ ಬಂದೆ. ಇಬ್ಬರೂ ಪರವೂರಿಗೆ ಹೋದೆವು. ಅವಳಿಗೆ ಅಲ್ಲಿ ಬೆನ್ನ ಮೇಲೆ ಹೆಸರು ಬರೆದ ಅಂಗಿ ಕೊಟ್ಟರು, ನನಗೆ ಇಲ್ಲಿ ತಲೆಯ ಮೇಲೆ ಸೆರಗು ಕೊಟ್ಟರು. ಆಮೇಲೆ ಅವಳು ಇಂಗ್ಲೆಂಡಿನ ಕ್ಲಬ್ಬೊಂದಕ್ಕೆ ಹೋಗಿ ಒಂದಿಡೀ ಹಂಗಾಮು ಬೆಂಚಿನ ಮೇಲೆ ಕೂತಳು. ಆಗ ನಾನು ಮೊದಲ ಬಾಣಂತನಕ್ಕೆ ಸಾರವಾಡದ ತವರಿನಲ್ಲಿ ಹೊರಸಿನ ಮೇಲೆ ಮಲಗಿದ್ದೆ. ಇಬ್ಬರಿಗೂ ಓಡುವ ಕಾಲಿತ್ತು, ಓಡಬೇಡ ಅನ್ನುವವರೂ ಇದ್ದರು.

ದೇಶದ ತಂಡದಲ್ಲಿ ಅವಳ ಕಥೆ ಇನ್ನೂ ಕೆಟ್ಟದ್ದು. ಎಷ್ಟೋ ಗೋಲು ಹೊಡೆದವಳು, ಒಂದು ದೊಡ್ಡ ಪಂದ್ಯದಲ್ಲಿ ಪೆನಾಲ್ಟಿಯನ್ನು ಗೋಲಿನ ಅಡ್ಡಪಟ್ಟಿಯ ಮೇಲಿಂದ ಹಾರಿಸಿದಳು. ಜನ ಹೊಡೆದದ್ದನ್ನೆಲ್ಲ ಮರೆತು ಆ ಒಂದನ್ನು ನೆನಪಿಟ್ಟುಕೊಂಡರು. ಮುಂದೆ ಮೊಣಕಾಲಿನ ಲಿಗಮೆಂಟ್ ಹರಿಯಿತು. ಮುಂದಿನ ದೊಡ್ಡ ಟೂರ್ನಿಯ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಆ ದಿನ ನಾನು ರೊಟ್ಟಿ ಸುಟ್ಟೆ, ಅತ್ತೆ ಬೈದರು, ಹಾಲೆಂಡಿನವರು ತಪ್ಪು ಮಾಡ್ಯಾರ ಅಂತ ನಾನೂ ತಿರುಗಿ ಬೈದೆ. ಅವಳು ಮಾತ್ರ ಮೊದಲು ಆಡಿದ ಊರ ಕ್ಲಬ್ಬಿಗೆ ವಾಪಸು ಹೋಗಿ, ತನ್ನ ಅರ್ಧ ವಯಸ್ಸಿನ ಹುಡುಗಿಯರ ಜೊತೆ ಆಡಿ, ಮತ್ತೆ ಆ ಕಿತ್ತಳೆ ಅಂಗಿ ತೊಟ್ಟಳು. ಕೊನೆಯ ಕೆಲವೇ ನಿಮಿಷ ಆಡಿಸಿದರು. ಗೋಲು ಹೊಡೆಯಲಿಲ್ಲ. ನಾನು ಮರುದಿನ ಬೆಳಿಗ್ಗೆ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ನೋಡಿದೆ: ಅಷ್ಟರಲ್ಲೇ ನಾಲ್ಕು ಸಲ ಕೈ ಎತ್ತಿದ್ದಳು. ರೊಟ್ಟಿ ಬಡಿಯುವುದು ಬಿಟ್ಟು, ನಾನೂ ಆಡುತ್ತೇನೆ ಎಂದು ಗಟ್ಟಿಯಾಗಿ ಹೇಳಿದೆ. ಅಡುಗೆಮನೆಯಲ್ಲಿ ಅತ್ತೆಯ ಹೊರತು ಯಾರೂ ಇರಲಿಲ್ಲ.

"ಅಲ್ಲಬೇ, ಎರಡ ಹಡದಾಕಿ ನೀ," ಅಂದರು ಅತ್ತೆ. "ಚಡ್ಡಿ ಹಾಕ್ಕೊಂಡ ಚೆಂಡಿನ ಹಿಂದ ಓಡಾಕ ಹೋಗ್ತಿ? ಮಂದಿ ಏನಂದಾರು?"

"ಮಂದಿ ಅಲ್ಲೇ ನೋಡಾಕ ಬಂದಿರ್ತಾರ ಅತ್ತಿ. ಏನಂದ್ರು ಅಂತ ಕೇಳ್ಕೊಂಡ ಬಂದು ಹೇಳ್ತೇನಿ."

ಗಂಡನಿಗೆ ಹೇಳಿದೆ. ಅಪ್ಪನನ್ನು ಕೇಳು ಅಂದರು. ಮಾವನವರಿಗೆ ಹೇಳಿದೆ, ಅವರು "ಹೂಂ" ಅಂದರು. ನಮ್ಮ ಮಾವನವರ "ಹೂಂ" ಬಹಳ ಕಷ್ಟದ್ದು. ಬೇಡ ಅನ್ನುವುದಕ್ಕೂ ಅದೇ, ಕೇಳಿಸಿತು ಅನ್ನುವುದಕ್ಕೂ ಅದೇ. ನಾನು ಅದನ್ನು ಒಪ್ಪಿಗೆ ಎಂದೇ ಹಿಡಿದುಕೊಂಡೆ.

ಮಾವನವರು ಕೆಟ್ಟವರಲ್ಲ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಸೆರಗು ಹೊದ್ದುಕೋ ಎಂದು ನನಗೆ ಬಾಯಿಬಿಟ್ಟು ಹೇಳಿದವರಲ್ಲ. ಹೇಳುವ ಪ್ರಸಂಗವೇ ಬರಲಿಲ್ಲ. ಮನೆಯೊಳಗೆ ಬರುವ ಮುಂಚೆ ಹೊಸ್ತಿಲಲ್ಲಿ ನಿಂತು ಒಂದು ಸಲ ಕೆಮ್ಮುತ್ತಾರೆ. ನಮ್ಮ ಕಡೆಯ ಹಿರಿಯರ ರೂಢಿ ಅದು. ಸೊಸೆಯಂದಿರು ಸಾವರಿಸಿಕೊಳ್ಳಲಿ ಎಂದು. ಆ ಕೆಮ್ಮು ಕಿವಿಗೆ ಬಿತ್ತೆಂದರೆ ನನ್ನ ಬಲಗೈ ತಾನೇ ಎದ್ದು ತಲೆಯ ಮೇಲೆ ಸೆರಗು ಎಳೆದು ಬರುತ್ತಿತ್ತು. ಹಾಲು ಉಕ್ಕುತ್ತಿರಲಿ, ಕೂಸು ಅಳುತ್ತಿರಲಿ, ಮೊದಲು ಅದು.

ನಮ್ಮ ದ್ರಾಕ್ಷಿ ತೋಟಕ್ಕೆ ನಾವು ಪಡ ಅನ್ನುತ್ತೇವೆ, ಅದರ ಪಕ್ಕ ಒಣದ್ರಾಕ್ಷಿ ಮಾಡುವ ಶೆಡ್ಡಿದೆ. ಹಂಗಾಮು ಮುಗಿದು ಅದು ಖಾಲಿ ಬಿದ್ದಿತ್ತು. ಅದರ ಹಸಿರು ನೆಟ್ಟಿನ ಪರದೆಯೇ ನನಗೆ ಗೋಲು. ಮಾವನವರು ಪೇಟೆಗೆ ಹೋದ ಹೊತ್ತಿನಲ್ಲಿ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ದ್ರಾಕ್ಷಿ ಸಾಲಿನ ಕಂಬಗಳ ನಡುವೆ ಚೆಂಡು ಹೊಡೆದುಕೊಂಡು ಓಡುತ್ತಿದ್ದೆ. ಮೊದಲ ವಾರ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯಿತು. ಎರಡನೇ ತಿಂಗಳಿಗೆ ನನ್ನ ಕಾಲು ನನ್ನ ಮಾತು ಕೇಳತೊಡಗಿತು. ವಿಜಯಪುರದ ಪ್ರ್ಯಾಕ್ಟೀಸಿಗೂ ಹೋಗುತ್ತಿದ್ದೆ, ಕೋಚ್ ಗೇಟಿನಲ್ಲಿ ತಡೆಯಲಿಲ್ಲ. ಹದಿನಾರು ಹೆಸರಿನ ಪಟ್ಟಿಯಲ್ಲಿ ಹದಿನಾರನೆಯದಾಗಿ ನನ್ನನ್ನು ಬರೆದುಕೊಂಡರು.

ಪಂದ್ಯ ವಿಜಯಪುರದಲ್ಲೇ, ಬಬಲೇಶ್ವರದ ಹುಡುಗಿಯರ ಮೇಲೆ. ಕಾಲೇಜಿಗೆ ಹೋಗುವ ಹುಡುಗಿಯರು, ಗಾಳಿಗೆ ಸಿಕ್ಕವರಂತೆ ಓಡುತ್ತಿದ್ದರು. ಮೊದಲರ್ಧದಲ್ಲೇ ನಮಗೆ ಒಂದು ಗೋಲು ಹೊಡೆದರು. ನಾನು ನೀಲಿ ಅಂಗಿಯಲ್ಲಿ ಬೆಂಚಿನ ಮೇಲೆ ಕೂತಿದ್ದೆ. ನಮ್ಮ ತಂಡದ್ದು ನೀಲಿ. ಕಿತ್ತಳೆ ಮಾಡೋಣ ಎಂದು ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಇನ್ನು ಕಾಲು ತಾಸು ಆಟವಿದೆ ಅನ್ನುವಾಗ ನಮ್ಮ ಸ್ಟ್ರೈಕರ್ ಹುಡುಗಿಗೆ ಕಾಲು ಹಿಡಿದುಕೊಂಡಿತು. ಕೋಚ್ ಬೆಂಚಿನ ಉದ್ದಕ್ಕೂ ನೋಡಿದರು. ಸ್ಟ್ರೈಕರ್ ಅನ್ನುವವಳು ಅಲ್ಲಿ ನನ್ನ ಹೊರತು ಬೇರೆ ಯಾರೂ ಇರಲಿಲ್ಲ.

"ಹೋಗ್ರಿ ಅಕ್ಕಾರ. ಹುಷಾರ್."

ಹೋದೆ. ಸ್ವಲ್ಪ ಹೊತ್ತಿಗೇ ಬಲಗಡೆಯಿಂದ ಒಂದು ಪಾಸ್ ಬಂತು. ಡಿಫೆಂಡರ್ ಹುಡುಗಿ ಜಾರಿ ಬಿದ್ದಳು. ಗೋಲ್‌ಕೀಪರ್ ಮುಂದೆ ಬಂದಿದ್ದಳು, ಅವಳ ಹಿಂದೆ ಇಡೀ ಗೋಲು ಬಿಕೋ ಅನ್ನುತ್ತಿತ್ತು. ಕಾಲೆತ್ತಿದೆ. ಆಗ ಗೋಲಿನ ಹಿಂದಿನಿಂದ ಒಂದು ಕೆಮ್ಮು ಕೇಳಿಸಿತು.

ನನ್ನ ಬಲಗೈ ತಲೆಗೆ ಹೋಯಿತು. ಸೆರಗು ಹುಡುಕಿತು. ಹೆಗಲ ಮೇಲೆ ಹುಡುಕಿತು, ಬೆನ್ನ ಹಿಂದೆ ಹುಡುಕಿತು. ಚೆಂಡು ನನ್ನ ಕಾಲಿನ ಪಕ್ಕದಿಂದ ನಿಧಾನವಾಗಿ ಉರುಳಿ ಗೆರೆ ದಾಟಿ ಹೊರಗೆ ಹೋಯಿತು.

ಜನ ಹೋ ಎಂದು ನಕ್ಕರು. "ಅಕ್ಕಾರ, ಪಿನ್ನಾ ಬಿತ್ತೇನ್ರೀ?" ಎಂದು ಯಾರೋ ಕೂಗಿದರು. ಗೋಲಿನ ಹಿಂದೆ ನಮ್ಮ ಮಾವನವರು ನಿಂತಿದ್ದರು. ಹಣೆಯಲ್ಲಿ ವಿಭೂತಿ, ತಲೆಯ ಮೇಲೆ ಟೋಪಿ, ಕೈಯಲ್ಲಿ ಕಾಯಿಯ ಚೀಲ. ಅಂದು ಅಮಾವಾಸ್ಯೆ, ಸಿದ್ಧೇಶ್ವರ ಗುಡಿಗೆ ಬಂದಿದ್ದರು. ಗುಡಿಯ ಮುಂದೆ ಸಿಕ್ಕ ಇಟ್ಟಂಗಿಹಾಳದ ಬೀಗರು ನಿಮ್ಮ ಸೊಸೆ ಆಡುತ್ತಿದ್ದಾಳೆ ನೋಡಬನ್ನಿ ಎಂದು ಮೋಟಾರ್ ಸೈಕಲ್ಲಿನ ಮೇಲೆ ಕರೆತಂದಿದ್ದರು. ಮಾವನವರು ನನ್ನನ್ನು ಎಚ್ಚರಿಸಲು ಕೆಮ್ಮಿದವರಲ್ಲ. ಮೈದಾನದ ಧೂಳಿಗೆ ಬಂದ ಕೆಮ್ಮು ಅದು.

ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಆ ಕೈಯ ಮೇಲೆ ಬಂತು. ನನ್ನನ್ನು ಕೇಳದೆ ಹನ್ನೊಂದು ವರ್ಷ ಎದ್ದು ಎದ್ದು ಹೋದ ಕೈ. ಕೋಚ್ ತಡೆಯಲಿಲ್ಲ, ಅತ್ತೆ ತಡೆಯಲಿಲ್ಲ, ಮಾವನವರೂ ತಡೆಯಲಿಲ್ಲ, ಕಡೆಗೆ ನನ್ನದೇ ಕೈ ನನ್ನ ಗೋಲನ್ನು ತಡೆಯಿತು! ಅದನ್ನು ಮುರಿದು ಹಾಕಬೇಕು ಅನ್ನಿಸಿತು. ಹೊರಗೆ ನೋಡಿದೆ. ಕೋಚ್ ಬೇರೆ ಹುಡುಗಿಯನ್ನು ಎಬ್ಬಿಸುತ್ತಿದ್ದರು. ಈಗ ತೆಗೆದರೆ ಇನ್ನೆಂದೂ ನನ್ನನ್ನು ಇಳಿಸುವುದಿಲ್ಲ ಎಂದು ನನಗೆ ಗೊತ್ತಿತ್ತು.

ಬಬಲೇಶ್ವರದವರು ಮತ್ತೆ ಆಟಕ್ಕೆ ಒದ್ದ ಚೆಂಡು ನಮ್ಮ ಹುಡುಗಿಯೊಬ್ಬಳಿಗೆ ಸಿಕ್ಕಿತು. ಅದೇ ಕೈಯನ್ನು ಎತ್ತಿದೆ. ತಲೆಯ ತನಕ ಅಲ್ಲ, ತಲೆಯ ಮೇಲಕ್ಕೆ, ನೇರವಾಗಿ.

"ಇಲ್ಲಿ ಕೊಡ್ಲೇ! ನನಗ ಕೊಡ!"

ಮಾವನವರ ಎದುರು ನಾನು ದನಿ ಎತ್ತಿದ್ದು ಅದೇ ಮೊದಲು. ಚೆಂಡಿದ್ದ ಹುಡುಗಿ ಬೆಚ್ಚಿಬಿದ್ದು ನನಗೇ ಕೊಟ್ಟಳು. ಎಡಗಾಲಿನಿಂದ ಹೊಡೆದೆ. ಕಂಬದ ಒಳಬದಿಗೆ ಬಡಿದು ಬಲೆಗೆ ಬಿತ್ತು. ಹುಡುಗಿಯರು ಬಂದು ನನ್ನ ಮೇಲೆ ಬಿದ್ದರು, ಮೊಣಕೈ ತರಚಿತು. ಪಂದ್ಯ ಒಂದು ಒಂದಕ್ಕೆ ಮುಗಿಯಿತು. ಎಬ್ಬಿಸಿದ್ದ ಹುಡುಗಿಯನ್ನು ಕೋಚ್ ಮತ್ತೆ ಕೂರಿಸಿದ್ದರು.

ನಾನು ಮನೆ ಮುಟ್ಟುವ ಮುಂಚೆಯೇ ಮಾವನವರು ಬಂದು ಪಡಸಾಲೆಯಲ್ಲಿ ಕೂತಿದ್ದರು. ಸೀರೆ ಉಟ್ಟು ಚಹಾ ಮಾಡಿದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬರಿದಲೆಯಲ್ಲೇ ತೆಗೆದುಕೊಂಡು ಹೋದೆ. ಅತ್ತೆ ಬಾಗಿಲಲ್ಲಿ ಕಣ್ಣು ಬಿಟ್ಟುಕೊಂಡು ನಿಂತರು.

ಮಾವನವರು ಚಹಾವನ್ನು ಬಸಿಗೆ ಸುರಿದುಕೊಂಡರು. ನನ್ನ ಮುಖ ನೋಡದೆ ಕೇಳಿದರು:

"ಆ ಮೊದಲನೇದ್ದು ಯಾಕ ಬಿಟ್ಟಿ? ಖಾಲೀನ ಇತ್ತಲ್ಲ."

ಕಾಲು ಜಾರಿತು ಅನ್ನಬಹುದಿತ್ತು. ಬಿಸಿಲು ಕಣ್ಣಿಗೆ ಹೊಡೆಯಿತು ಅನ್ನಬಹುದಿತ್ತು. ಅಂಥ ಉತ್ತರಗಳನ್ನು ಕೊಟ್ಟೇ ಹನ್ನೊಂದು ವರ್ಷ ಕಳೆದಿದ್ದೆ.

"ನೀವು ಕೆಮ್ಮಿದ್ರಿ ಮಾವಾರ. ನನ್ನ ಕೈ ಸೆರಗ ಹುಡುಕಾಕ ಹೋತ್ರಿ."

ಬಸಿ ಅವರ ತುಟಿಯ ಹತ್ತಿರವೇ ನಿಂತಿತು. ಅತ್ತೆ "ಯವ್ವಾ" ಅಂದರು. ಮಾವನವರು ಬಸಿ ಕೆಳಗಿಟ್ಟರು. "ಹೂಂ" ಕೂಡ ಅನ್ನಲಿಲ್ಲ. ಎದ್ದು ಪಡದ ಕಡೆ ಹೋದರು.

ಮರುದಿನ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಹೊಸ್ತಿಲಲ್ಲಿ ಅವರ ಜೋಡಿನ ಸದ್ದು ಕೇಳಿಸಿತು. ಸದ್ದು ನಿಂತಿತು. ನಾನು ಕಾಯ್ದೆ. ಅವರು ಕೆಮ್ಮದೆ ಒಳಗೆ ಬಂದರು, ನೀರಿನ ತಂಬಿಗೆ ತೆಗೆದುಕೊಂಡು ಹೊರಗೆ ಹೋದರು. ನನ್ನ ಎರಡೂ ಕೈ ಹಿಟ್ಟಿನಲ್ಲಿದ್ದವು. ಅವರು ಕೆಮ್ಮಿದ್ದರೂ ಅಲ್ಲೇ ಇರುತ್ತಿದ್ದವು.